ಮನೆಯೊಳಗೇ ಇರಿ ಎನ್ನುವವರಿಗೆ

ಹೋದ ವರ್ಷ ಮೇ ತಿಂಗಳಲ್ಲಿ ನಮ್ಮವ್ವ ಬೆಳಗಿನ ಜಾವ ರೊಟ್ಟಿ ಬಡಿಯುತ್ತಿದ್ದವಳು ತಲೆ ಸುತ್ತಿ ಒಲೆಯ ಮುಂದೆಯೇ ಬಿದ್ದಳು. ಅಪ್ಪ ಓಣಿಯವರ ಟಂಟಂ ಹಿಡಿದು ಅವಳನ್ನು ತಾಲ್ಲೂಕು ಊರಿಗೆ ಕರೆದೊಯ್ದ. ಸಲೈನ್ ಹಚ್ಚಿದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ಬಿಸಲಾಗ ಹೊಲಕ್ಕ ಹೋಗಿದ್ದೇನವ್ವಾ?" ಅವ್ವ ಹೇಳಿದಳು: "ಇಲ್ರಿ ಸಾಹೇಬ್ರ, ನಾಕ್ ದಿನಾತು ಮನಿ ಬಿಟ್ಟು ಹೊರಗ ಬಂದಿಲ್ಲ."

ಡಾಕ್ಟರು ನಂಬಿದಂತೆ ಕಾಣಲಿಲ್ಲ. ಹಳ್ಳಿಯ ಹೆಣ್ಣುಮಗಳು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡು, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೊರಗೆ ಹೋಗಬೇಡ, ಮನೆಯೊಳಗೇ ಇರು, ನೀರು ಮಜ್ಜಿಗೆ ಕುಡಿ ಎಂದು ಬುದ್ಧಿ ಹೇಳಿ ಕಳಿಸಿದರು. ಅವರನ್ನು ದೂರುವುದಿಲ್ಲ. ರೇಡಿಯೊ, ಟಿವಿ, ಪತ್ರಿಕೆ, ಜಿಲ್ಲಾಡಳಿತದ ಪ್ರಕಟಣೆ, ಎಲ್ಲವೂ ಪ್ರತಿ ಬೇಸಿಗೆಗೆ ಹೇಳುವುದು ಇದನ್ನೇ. ಪರದೆ ಹಾಕಿಕೊಳ್ಳಿ, ರಾತ್ರಿ ಕಿಟಕಿ ತೆಗೆದಿಡಿ ಎಂಬ ಮಾತೂ ಕೆಳಗಡೆ ಎಲ್ಲೋ ಇರುತ್ತದೆ. ಆದರೆ ಮೊದಲ ಸಾಲು ಯಾವಾಗಲೂ ಒಂದೇ: ಮನೆಯೊಳಗೇ ಇರಿ.

ಈ ಬರಹ ಆ ಒಂದು ಸಾಲಿನ ವಿರುದ್ಧ. ಮನೆಯ ಒಳಗು ತಂಪಾಗಿರುತ್ತದೆ ಎಂದು ನಂಬಿದವರು ಮಾತ್ರ ಬರೆಯಬಹುದಾದ ಸಾಲು ಅದು. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ, ವಿಜಯಪುರದ ಸಾವಿರಾರು ಮನೆಗಳಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಏಳಕ್ಕೆ ಒಳಗಿಗಿಂತ ಹೊರಗೇ ತಂಪು. ನಮ್ಮವ್ವನಿಗೆ ಬಿಸಿಲು ಬಡಿದದ್ದು ಹೊಲದಲ್ಲಲ್ಲ, ಸರ್ಕಾರ ಹಣ ಕೊಟ್ಟು ಕಟ್ಟಿಸಿದ ಸ್ಲ್ಯಾಬಿನ ಕೆಳಗೆ.

ನಮ್ಮ ಹಳೆಯ ಮನೆ ಮಾಳಿಗೆ ಮನೆ. ಶಹಾಬಾದ್ ಕಲ್ಲಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಸೊಪ್ಪು, ಅದರ ಮೇಲೆ ಗೇಣುಗಟ್ಟಲೆ ಮಣ್ಣು. ನಡುವೆ ಒಂದು ಬೆಳಕಿಂಡಿ. ಮಧ್ಯಾಹ್ನ ಹೊಲದಿಂದ ಬಂದು ಪಡಸಾಲೆಯಲ್ಲಿ ಕಾಲು ಚಾಚಿದರೆ ನೆಲದ ತಂಪು ಬೆನ್ನಿಗೆ ಹತ್ತುತ್ತಿತ್ತು. ಇಷ್ಟು ಬರೆದ ಕೂಡಲೇ ನಮ್ಮ ಓದುಗ ವಲಯದಲ್ಲಿ ಒಂದು ಬಗೆಯ ನಿಟ್ಟುಸಿರು ಕೇಳಿಸುತ್ತದೆ: ಹಿರಿಯರ ಜ್ಞಾನ, ಮಣ್ಣಿನ ಮನೆ, ಪ್ರಕೃತಿಯ ಜೊತೆ ಬದುಕು. ಆ ನಿಟ್ಟುಸಿರು ನನಗೆ ಬೇಡ.

ಮಣ್ಣಿನ ಮಾಳಿಗೆಯನ್ನು ಹೊಗಳುವವರಲ್ಲಿ ಬಹಳ ಜನ ಅದರ ಮೇಲೆ ಮಣ್ಣು ಹೊತ್ತವರಲ್ಲ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಸವಳು ಮಣ್ಣು ತಂದು, ಬುಟ್ಟಿಬುಟ್ಟಿಯಾಗಿ ಮೇಲೆ ಸಾಗಿಸಿ, ಹರಡಿ, ಬಡಿಯಬೇಕು. ಹೊರುವವರು ಹೆಂಗಸರು. ಮಳೆ ಹಿಡಿದರೆ ಎಲ್ಲಿ ಸೋರುತ್ತದೋ ಎಂದು ರಾತ್ರಿಯಿಡೀ ಪಾತ್ರೆ ಇಡುತ್ತ ಓಡಾಡಬೇಕು. ಜಂತಿಯ ಸಂದಿಯಿಂದ ಚೇಳು ಬಿದ್ದದ್ದನ್ನು ನಾನೇ ನೋಡಿದ್ದೇನೆ. ಇದೆಲ್ಲಕ್ಕಿಂತ ದೊಡ್ಡದು 1993ರ ಸೆಪ್ಟೆಂಬರ್ 30ರ ನಸುಕು. ನಮ್ಮ ಗಡಿಯಾಚೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತರು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಮಲಗಿದ್ದ ಮನೆಯೇ: ದಪ್ಪ ಕಲ್ಲಿನ ಗೋಡೆ, ಅದರ ಮೇಲೆ ಮಣ್ಣಿನ ಭಾರದ ಮಾಳಿಗೆ. ಅಂದಿನ ನಡುಕ ನಮ್ಮೂರಿಗೂ ತಟ್ಟಿತ್ತು. ನಾನಾಗ ಹುಟ್ಟಿರಲಿಲ್ಲ, ಆದರೆ ಅದಾದ ಮೇಲೆ ತಿಂಗಳುಗಟ್ಟಲೆ ಊರಿನವರು ಅಂಗಳದಲ್ಲೇ ಮಲಗಿದ ಕತೆ ಕೇಳುತ್ತ ಬೆಳೆದೆ. ಸ್ಲ್ಯಾಬ್ ಬೇಕು ಎಂದು ನಮ್ಮಪ್ಪ ಹಂಬಲಿಸಿದ್ದು ಪೇಟೆಯವರ ಅನುಕರಣೆಯಿಂದಲ್ಲ. ಭಯದಿಂದ, ದಣಿವಿನಿಂದ, ಸ್ವಲ್ಪ ಮರ್ಯಾದೆಯ ಆಸೆಯಿಂದ. ಆ ಮೂರೂ ನ್ಯಾಯವಾದವು.

ಹಾಗಾಗಿ ಮಣ್ಣಿಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆ. ಮಣ್ಣಿನ ಮಾಳಿಗೆ ಎರಡು ಕೆಲಸ ಮಾಡುತ್ತಿತ್ತು: ಮಳೆ ತಡೆಯುವುದು, ಬಿಸಿಲು ತಡೆಯುವುದು. ಮೊದಲನೆಯದನ್ನು ಅದು ಕೆಟ್ಟದಾಗಿ ಮಾಡುತ್ತಿತ್ತು, ಎರಡನೆಯದನ್ನು ಚೆನ್ನಾಗಿ. ಸ್ಲ್ಯಾಬ್ ಬಂದಾಗ ನಾವು ಮೊದಲನೆಯ ಕೆಲಸ ಆಯಿತು ಎಂದು ಸಂಭ್ರಮಿಸಿದೆವು. ಎರಡನೆಯ ಕೆಲಸವನ್ನು ಯಾರು ಮಾಡುತ್ತಾರೆ ಎಂದು ಕೇಳಲೇ ಇಲ್ಲ. ಎಂಜಿನಿಯರ್ ಕೇಳಲಿಲ್ಲ, ಗೌಂಡಿ ಕೇಳಲಿಲ್ಲ, ಕಂತುಕಂತಾಗಿ ಹಣ ಬಿಡುಗಡೆ ಮಾಡುವಾಗ ಫೋಟೊ ತೆಗೆದುಕೊಂಡು ಹೋದವರೂ ಕೇಳಲಿಲ್ಲ.

ಕೇಳದೆ ಇರಲು ಒಂದು ಕಾರಣ ಭಾಷೆಯಲ್ಲೇ ಇದೆ. ಸರ್ಕಾರದ ಕಡತದಲ್ಲಿ ಮನೆಗಳು ಎರಡು ಬಗೆ: ಕಚ್ಚಾ, ಪಕ್ಕಾ. ಜನಗಣತಿ ಛಾವಣಿಯನ್ನು ವಿಂಗಡಿಸುವುದು ಅದು ಯಾವುದರಿಂದ ಆಗಿದೆ ಎಂಬುದರ ಮೇಲೆ. ಹುಲ್ಲು, ಬಿದಿರು, ಮಣ್ಣು ತಾತ್ಕಾಲಿಕ. ಕಾಂಕ್ರೀಟ್, ಕಲ್ಲು ಶಾಶ್ವತ. ತಗಡು ಮತ್ತು ಆಸ್ಬೆಸ್ಟಾಸ್ ಶೀಟು ಕೂಡ ಶಾಶ್ವತವೇ. ಅಂದರೆ ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಕೂರಲಾಗದ ತಗಡಿನ ಶೆಡ್ಡು ಆ ಪಟ್ಟಿಯಲ್ಲಿ ಮೇಲಿನ ಸಾಲಿಗೆ ಸೇರುತ್ತದೆ, ಮೂರು ತಲೆಮಾರು ತಂಪಾಗಿ ಮಲಗಿದ ಮಾಳಿಗೆ ಮನೆ ಕೆಳಗಿನ ಸಾಲಿಗೆ. ಛಾವಣಿ ಎಷ್ಟು ವರ್ಷ ಬಾಳುತ್ತದೆ ಎಂದು ಆ ಪದಗಳು ಅಳೆಯುತ್ತವೆ. ಅದರ ಕೆಳಗಿನ ಮನುಷ್ಯ ಹೇಗೆ ಬಾಳುತ್ತಾನೆ ಎಂದು ಅಳೆಯುವ ಪದ ನಮ್ಮ ಆಡಳಿತದ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಬಿಸಿಲು ಸ್ಲ್ಯಾಬಿಗೆ ಏನು ಮಾಡುತ್ತದೆ ಎಂಬುದು ಗುಟ್ಟೇನಲ್ಲ. ಕಲಬುರಗಿ ಇರುವುದು ಹದಿನೇಳು ಡಿಗ್ರಿ ಅಕ್ಷಾಂಶದ ಸಮೀಪ. ಮೇ ತಿಂಗಳ ಎರಡನೇ ವಾರದ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಹಾಗಾಗಿ ನಮ್ಮ ಬೇಸಿಗೆಯಲ್ಲಿ ಬಿಸಿಲು ಹೆಚ್ಚಾಗಿ ಬೀಳುವುದು ಗೋಡೆಯ ಮೇಲಲ್ಲ, ಛಾವಣಿಯ ಮೇಲೆ. ಮೋಡವಿಲ್ಲದ ನಡುಹಗಲು ಒಂದು ಚದರ ಮೀಟರಿಗೆ ಸುಮಾರು ಸಾವಿರ ವಾಟ್ ಬಿಸಿಲು ಬೀಳುತ್ತದೆ. ಸಾವಿರ ವಾಟ್ ಎಂದರೆ ಒಂದು ಇಸ್ತ್ರಿ ಪೆಟ್ಟಿಗೆ. ಇಪ್ಪತ್ತು ಬೈ ಮೂವತ್ತರ ಸ್ಲ್ಯಾಬಿನ ಮೇಲೆ ಐವತ್ತೈದು ಇಸ್ತ್ರಿ ಪೆಟ್ಟಿಗೆ ಸಾಲಾಗಿ ಹಚ್ಚಿಟ್ಟ ಹಾಗೆ. ಪಾಚಿ ಒಣಗಿ ಕಪ್ಪಿಟ್ಟ ಹಳೆಯ ಕಾಂಕ್ರೀಟು ಅದರಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲನ್ನು ಹೀರಿಕೊಳ್ಳುತ್ತದೆ.

ಹೀರಿದ್ದನ್ನು ಅದು ಕೂಡಲೇ ಬಿಡುವುದಿಲ್ಲ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟಿನಲ್ಲಿ ಶಾಖ ಮೇಲಿನಿಂದ ಕೆಳಗಿಳಿಯಲು ಕೆಲವು ಗಂಟೆ ಬೇಕು. ಮಧ್ಯಾಹ್ನದ ಬಿಸಿಲು ಮನೆಯೊಳಗೆ ಬರುವುದು ಸಂಜೆ ಹೊತ್ತಿಗೆ. ಹೊರಗೆ ಗಾಳಿ ತಣ್ಣಗಾಗುತ್ತಿರುವಾಗ ಒಳಗೆ ನೆತ್ತಿಯ ಮೇಲಿನ ಸ್ಲ್ಯಾಬು ಕಾವಲಿಯಂತೆ ಕಾವು ಸೂಸುತ್ತ ಇರುತ್ತದೆ. ಫ್ಯಾನು ಹಾಕಿದರೆ ಸ್ಲ್ಯಾಬಿನ ಕೆಳಗೆ ನಿಂತ ಬಿಸಿಗಾಳಿಯನ್ನೇ ಮೈಮೇಲೆ ದೂಡುತ್ತದೆ. ಹಗಲು ದಣಿದ ದೇಹ ರಾತ್ರಿ ತಣಿಯಬೇಕು. ತಣಿಯದಿದ್ದರೆ ಮರುದಿನದ ಸೆಕೆ ಹಿಂದಿನ ದಿನದ ಸೆಕೆಯ ಮೇಲೆ ಕೂರುತ್ತದೆ. ನಾಲ್ಕು ದಿನ ಹೀಗಾದರೆ ಐದನೆಯ ದಿನ ಬೆಳಗಿನ ಜಾವ ರೊಟ್ಟಿ ಬಡಿಯುವವಳು ಬೀಳುತ್ತಾಳೆ. ಬಿದ್ದ ಹೊತ್ತಿಗೆ ಸೂರ್ಯ ಹುಟ್ಟಿರಲೂ ಇಲ್ಲ, ಹಾಗಾಗಿ ಯಾರಿಗೂ ಬಿಸಿಲಿನ ಮೇಲೆ ಅನುಮಾನ ಬರುವುದಿಲ್ಲ.

ತಗಡಿನ ಮನೆಯ ಕತೆ ಇದಕ್ಕೆ ತಿರುಗುಮುರುಗು. ತಗಡು ತೆಳು, ಶಾಖ ಹಿಡಿದಿಡಲು ಅದಕ್ಕೆ ಮೈಯೇ ಇಲ್ಲ. ಸಂಜೆಯಾಗುತ್ತಲೇ ತಣಿಯುತ್ತದೆ. ಆದರೆ ಹಗಲು ಅದು ನಿರ್ದಯಿ. ಹೊಳೆಯುವ ಬರಿಯ ತಗಡು ಬಿಸಿಲನ್ನು ಒಂದಿಷ್ಟು ಹಿಂದಕ್ಕೆ ಎಸೆದರೂ ತಾನು ಕಾದ ಶಾಖವನ್ನು ಆಕಾಶಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದೇ ತಗಡಿಗೆ ಬಿಳಿ ಬಣ್ಣ ಬಳಿದರೆ ಎರಡೂ ಕೆಲಸ ಆಗುತ್ತದೆ. ಹೊಳಪು ಬೇರೆ, ಬಿಳುಪು ಬೇರೆ. ಇಷ್ಟು ಸಣ್ಣ ಸಂಗತಿಯನ್ನು ತಗಡು ಮಾರುವ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಛಾವಣಿಯ ಸ್ವಂತ ಆರೋಗ್ಯ. ನಮ್ಮ ಕಡೆ ಮನೆ ಸೋರಿದರೆ ಮಳೆಯನ್ನು ಬೈಯುತ್ತಾರೆ. ಶಿಶುನಾಳ ಶರೀಫರ ತತ್ವಪದದಿಂದಾಗಿ ಸೋರುವ ಮಾಳಿಗೆ ಕನ್ನಡದ ಬಾಯಲ್ಲಿ ಶಾಶ್ವತವಾಗಿದೆ, ಸುಡುವ ಮಾಳಿಗೆಗೆ ಅಂಥ ಪದವಿಲ್ಲ. ನಿಜವೆಂದರೆ ಜುಲೈನ ಸೋರಿಕೆ ಎಷ್ಟೋ ಸಲ ಹುಟ್ಟುವುದು ಏಪ್ರಿಲ್‌ನಲ್ಲಿ. ಕಾಂಕ್ರೀಟು ಕಾದಾಗ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ಸ್ಲ್ಯಾಬು ಮೂವತ್ತು ಡಿಗ್ರಿ ಹೆಚ್ಚು ಕಾದರೆ ಸುಮಾರು ಮೂರು ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಗೋಡೆ ನೆರಳಲ್ಲಿರುವುದರಿಂದ ಅಷ್ಟು ಹಿಗ್ಗುವುದಿಲ್ಲ. ದಿನಾ ಈ ಎಳೆದಾಟ. ಅದಕ್ಕೇ ಸ್ಲ್ಯಾಬು ಗೋಡೆಯ ಮೇಲೆ ಕೂರುವ ಕಡೆ ಉದ್ದಕ್ಕೂ ಗೆರೆಯಂಥ ಬಿರುಕು ಬೀಳುವುದು, ಮೇಲೆ ಕೂದಲೆಳೆಯ ಸೀಳು ಹರಡುವುದು. ಆ ಸೀಳಿನಲ್ಲಿ ಮಳೆ ನೀರು ಇಳಿದು ಒಳಗಿನ ಕಬ್ಬಿಣ ಮುಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ತುಕ್ಕು ಸಿಮೆಂಟನ್ನು ಕೆಳಕ್ಕೆ ದೂಡುತ್ತದೆ. ಒಂದು ದಿನ ತಟ್ಟೆಯಗಲದ ಸಿಮೆಂಟಿನ ಹೆಕ್ಕಳಿಕೆ ಕಳಚಿ ಮಂಚದ ಮೇಲೆ ಬೀಳುತ್ತದೆ. ಆಗ ನಾವು ಸಾವಿರಾರು ರೂಪಾಯಿ ಕೊಟ್ಟು ನೀರು ತಡೆಯುವ ರಾಸಾಯನಿಕ ಹಚ್ಚಿಸುತ್ತೇವೆ. ಅದನ್ನು ಹಚ್ಚಿದ ಛಾವಣಿಯನ್ನು ಮತ್ತೆ ಬಿಸಿಲಿಗೆ ಬರಿಮೈಯಲ್ಲಿ ಬಿಡುತ್ತೇವೆ. ಎರಡು ಮೂರು ಬೇಸಿಗೆಯಲ್ಲಿ ಅದೂ ಸಿಡಿಯುತ್ತದೆ.

ನಾನು ಬಾಡಿಗೆಗಿರುವ ಮನೆಯ ಮಾಲಕರು ಹೀಗೆ ಎರಡು ಸಲ ಹಚ್ಚಿಸಿದವರು. ನನ್ನದು ಮೇಲಿನ ರೂಮು. ಗೆಳತಿಯೊಬ್ಬಳ ಜೊತೆ ಇದ್ದೇನೆ. ಪಿಎಚ್‌.ಡಿ. ಮಾಡುವವರಿಗೆ ಸಿಗುವುದು ಇಂಥವೇ. ಬಾಡಿಗೆ ಕಡಿಮೆ, ನೀರಿನ ಟ್ಯಾಂಕ್ ಪಕ್ಕದಲ್ಲಿ, ತಲೆಯ ಮೇಲೆ ನೇರ ಆಕಾಶ. ಸಂಜೆ ನಲ್ಲಿ ತಿರುಗಿಸಿದರೆ ಕಾಯಿಸಿದಂಥ ನೀರು. ಲ್ಯಾಪ್‌ಟಾಪ್ ಮಧ್ಯಾಹ್ನ ತಾನಾಗಿಯೇ ಆರಿಹೋಗುತ್ತದೆ. ಅಂಟು ಬಿಟ್ಟು ಹಾಳೆ ಉದುರಿದ ಪುಸ್ತಕಗಳ ಒಂದು ರಾಶಿಯೇ ಇದೆ. ಮಾರ್ಚ್‌ನಲ್ಲಿ ಮಾಲಕರನ್ನು ಕೇಳಿದೆ: "ಕಾಕಾ, ಸ್ಲ್ಯಾಬಿಗಿ ಸುಣ್ಣ ಹಚ್ಚಮೇನ್ರಿ?"

"ಏ ತಂಗೀ, ಗ್ವಾಡಿಗಿ ಸುಣ್ಣ ಹಚ್ಚೋದು ಕೇಳೀನಿ. ಮ್ಯಾಲ ಯಾರ್ ನೋಡ್ತಾರಂತ ಹಚ್ಚಬೇಕು?"

ಅವರ ಮಾತಿನಲ್ಲಿ ನಮ್ಮ ಊರುಗಳ ಇಡೀ ವಾಸ್ತುಶಿಲ್ಪ ಇದೆ. ರಸ್ತೆಗೆ ಕಾಣುವ ಗೋಡೆಗೆ ಮೂರು ಬಣ್ಣ, ಗೇಟಿಗೆ ಚಿನ್ನದ ಬಣ್ಣ, ಮೇಲೆ ಏನೂ ಇಲ್ಲ. ಮೇಲೆ ನೋಡುವವನು ಸೂರ್ಯ ಒಬ್ಬನೇ.

ಕೊನೆಗೆ ಖರ್ಚು ನಮ್ಮದು ಎಂದ ಮೇಲೆ ಒಪ್ಪಿದರು. ಕಲ್ಲುಸುಣ್ಣವನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಸಿ, ಫೆವಿಕಾಲ್ ಬೆರೆಸಿ, ಸ್ಲ್ಯಾಬು ಗುಡಿಸಿ ತೊಳೆದು, ಬಿಸಿಲೇರುವ ಮುಂಚೆ ಎರಡು ಕೈ ಬಳಿದೆವು. ಬ್ರಷ್ ಸೇರಿ ಹನ್ನೊಂದು ನೂರು ರೂಪಾಯಿ ಆಯಿತು. ಅಳತೆ ತಪ್ಪಿ ಸುಣ್ಣ ಮುಗಿದುಹೋಯಿತು. ನಮ್ಮ ರೂಮಿನ ಮೇಲಿನ ಸ್ಲ್ಯಾಬು ಆಯಿತು. ಮುಂದಿನ ಬಯಲು ಟೆರೇಸು, ಅಂದರೆ ಮಾಲಕರ ಮನೆಯ ನೆತ್ತಿ, ಅರ್ಧ ಬಿಳಿ ಅರ್ಧ ಕಪ್ಪಾಗಿ ಉಳಿಯಿತು. ಆ ತಪ್ಪೇ ಒಳ್ಳೆಯದಾಯಿತು. ಮಧ್ಯಾಹ್ನ ಮನೆಯ ಮಕ್ಕಳು ಮೇಲೆ ಬಂದು ಬರಿಗಾಲಲ್ಲಿ ಆಡತೊಡಗಿದರು: ಕಪ್ಪು ಕಡೆ ಕಾಲಿಟ್ಟರೆ ಔಟು. ಮಾಲಕರ ತಾಯಿ, ನಾವೆಲ್ಲ ಆಯಿ ಅನ್ನುವವರು, ಸಂಡಿಗೆ ಒಣಹಾಕಲು ಕಪ್ಪು ಕಡೆಯನ್ನೇ ಆರಿಸಿಕೊಂಡರು, ಅಲ್ಲಿ ಬೇಗ ಒಣಗುತ್ತದೆ ಎಂದು. ಸಂಜೆ ಕೂರಲು ಮಾತ್ರ ಚಾಪೆ ಬಿಳಿ ಕಡೆ ಹಾಸಿದರು. ಯಾವ ಥರ್ಮಾಮೀಟರೂ ಇಲ್ಲದೆ ಆಯಿ ಒಂದೇ ದಿನದಲ್ಲಿ ವಿಜ್ಞಾನ ಮುಗಿಸಿದರು. ವಾರ ಕಳೆದ ಮೇಲೆ ಕಾಕಾ ಉಳಿದ ಅರ್ಧಕ್ಕೆ ತಾವೇ ಸುಣ್ಣ ತಂದರು.

ರೂಮು ಊಟಿಯಾಯಿತೇ? ಇಲ್ಲ. ಸುಡುವ ಛಾವಣಿಗೆ ಬಿಳಿ ಬಳಿದರೆ ಒಳಗೆ ಎರಡರಿಂದ ಐದು ಡಿಗ್ರಿ ತಗ್ಗುತ್ತದೆ ಎಂದು ಈ ಕೆಲಸ ಮಾಡುವವರು ಹೇಳುತ್ತಾರೆ. ನನಗೆ ಅಷ್ಟು ಸಾಕು. ರಾತ್ರಿ ಹನ್ನೊಂದಕ್ಕೆ ಬರುವ ನಿದ್ದೆಗೂ ಎರಡಕ್ಕೆ ಬರುವ ನಿದ್ದೆಗೂ ಇರುವ ಅಂತರ ಅದು. ಇಬ್ಬರು ಹುಡುಗಿಯರು ಟೆರೇಸಿನ ಮೇಲೆ ಮಲಗುವ ಹಾಗಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಆ ಅಂತರದ ಬೆಲೆ ತಿಳಿಯುತ್ತದೆ.

ಇಲ್ಲಿಗೆ ನಿಜವಾದ ಜಗಳ ಶುರುವಾಗುತ್ತದೆ. ಬಿಸಿಲು ಎಲ್ಲರಿಗೂ ಒಂದೇ ಎನ್ನುವುದು ಸುಳ್ಳು. ಬಹುಮಹಡಿ ಕಟ್ಟಡದಲ್ಲಿ ಛಾವಣಿಯ ಬಿಸಿಲನ್ನು ಪೂರ್ತಿ ಉಣ್ಣುವವರು ಮೇಲಿನ ಮಹಡಿಯವರು. ನಮ್ಮ ಊರುಗಳಲ್ಲಿ ಮೇಲಿನ ಮಹಡಿಯವರು ಹೆಚ್ಚಾಗಿ ಬಾಡಿಗೆಯವರು. ಛಾವಣಿ ಮಾಲಕರದ್ದು, ಸೆಕೆ ಬಾಡಿಗೆಯವರದ್ದು. ಛಾವಣಿಗೆ ಖರ್ಚು ಮಾಡಬೇಕಾದವರಿಗೆ ಅದರಿಂದ ಲಾಭವಿಲ್ಲ, ಲಾಭವಿರುವವರಿಗೆ ಮುಟ್ಟುವ ಹಕ್ಕಿಲ್ಲ. ಹಳ್ಳಿಯಲ್ಲಿ ಒಂದೇ ಮನೆಯೊಳಗೂ ಪಾಲು ಬೇರೆ. ಅಪ್ಪ, ಅಣ್ಣ ರಾತ್ರಿ ಕಟ್ಟೆಯ ಮೇಲೆ, ಗುಡಿಯ ಮುಂದೆ, ಮಾಳಿಗೆಯ ಮೇಲೆ ಎಲ್ಲಾದರೂ ಮಲಗುತ್ತಾರೆ. ಅವ್ವ, ಅತ್ತಿಗೆ ಬಾಗಿಲು ಹಾಕಿಕೊಂಡು ಒಳಗೆ. ಮನೆಯೊಳಗೇ ಇರಿ ಎಂದು ಹೇಳಬೇಕಾದ ಅಗತ್ಯವೇ ಇಲ್ಲದ ಜನ ಅವರು. ಅವರು ಯಾವತ್ತೂ ಒಳಗೇ ಇದ್ದಾರೆ.

ಸರ್ಕಾರಕ್ಕೆ ಬಿಸಿಲು ಗೊತ್ತಿಲ್ಲ ಎನ್ನುವಂತಿಲ್ಲ. ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಯ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯ ಕ್ರಮ. ನೌಕರರೂ ಮನುಷ್ಯರೇ. ಆದರೆ ಈ ಆದೇಶದ ಅರ್ಥವನ್ನು ಬಿಡಿಸಿ ನೋಡಿ: ಮಧ್ಯಾಹ್ನದ ಮೇಲೆ ಈ ಸೀಮೆಯ ಕಟ್ಟಡದೊಳಗೆ ಕೂತು ಕೆಲಸ ಮಾಡಲಾಗದು ಎಂದು ಸರ್ಕಾರವೇ ಬರೆದುಕೊಟ್ಟಿದೆ. ಹಾಗಾದರೆ ಅದೇ ಸರ್ಕಾರ ಅದೇ ಸೀಮೆಯಲ್ಲಿ ಬಡವರಿಗೆ ಕಟ್ಟಿಸುವ ಮನೆಯ ಮೇಲೆ ಬಿಸಿಲಿಗೆ ಏನು ಅಡ್ಡ ಇಟ್ಟಿದೆ? ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಡುಗೆ ಜಾಗವೂ ಅದರಲ್ಲೇ ಸೇರಿ. ಅಷ್ಟು ಸಣ್ಣ ಮನೆಯಲ್ಲಿ ಒಲೆಯೂ ಸ್ಲ್ಯಾಬೂ ಒಟ್ಟಿಗೆ ಕಾದರೆ ಓಡಿಹೋಗಲು ಇನ್ನೊಂದು ಕೋಣೆ ಇರುವುದಿಲ್ಲ.

ಕಾನೂನು ಇಲ್ಲವೇ? ಇದೆ. ಕೇಂದ್ರ ಸರ್ಕಾರ 2018ರಲ್ಲಿ ಇಕೋ ನಿವಾಸ್ ಸಂಹಿತಾ ಎಂಬ ವಸತಿ ಕಟ್ಟಡಗಳ ಸಂಹಿತೆ ತಂದಿತು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಛಾವಣಿಯ ಒಂದು ಚದರ ಮೀಟರಿನಿಂದ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು ಎಂದು ಅದು ಮಿತಿ ಹಾಕಿದೆ. ನಾವು ಹಾಕಿಸುವ ಬರಿಯ ಸ್ಲ್ಯಾಬಿನಲ್ಲಿ ಮೂರು ವಾಟ್‌ಗೂ ಹೆಚ್ಚು ದಾಟುತ್ತದೆ. ಅಂದರೆ ದೇಶದ ತಜ್ಞರ ಪ್ರಕಾರವೇ ನಮ್ಮ ಛಾವಣಿಗಳು ಅನರ್ಹ. ಆದರೆ ಸಂಹಿತೆ ಹಿಡಿಯುವುದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳನ್ನು, ಅದೂ ರಾಜ್ಯಗಳು ಅಳವಡಿಸಿಕೊಂಡರೆ. ಮೂವತ್ತು ಬೈ ನಲವತ್ತರ ಸೈಟು ಸುಮಾರು 111 ಚದರ ಮೀಟರ್. ಸೆಕೆಯಿಂದ ರಕ್ಷಣೆ ಬೇಕಾದವರ ಮನೆಗಳು ಸಂಹಿತೆಯ ಬಾಗಿಲಿಗೇ ಬರುವುದಿಲ್ಲ.

ಬೇರೆ ಕಡೆ ಕೆಲಸ ಶುರುವಾಗಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪ 46.8 ಡಿಗ್ರಿ ಮುಟ್ಟಿತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾಗಿತ್ತೆಂದು ಆಮೇಲಿನ ಅಧ್ಯಯನ ಲೆಕ್ಕ ಹಾಕಿತು. 2013ರಲ್ಲಿ ಆ ನಗರ ಬಿಸಿಗಾಳಿಯನ್ನು ಎದುರಿಸುವ ಯೋಜನೆ ಮಾಡಿಕೊಂಡಿತು, ಮುಂದೆ ಬಡವರ ವಸತಿಗಳ ಛಾವಣಿಗೆ ಬಿಳಿ ಬಳಿಯುವ ಕೆಲಸಕ್ಕೂ ಇಳಿಯಿತು. ನಮ್ಮ ಸೇಡಂ ದಾಟಿದರೆ ಸಿಗುವ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ ಅದು ಕಡ್ಡಾಯ, ಖಾಸಗಿ ಮನೆಗಳಲ್ಲಿ 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನದವಕ್ಕೆ ಕಡ್ಡಾಯ, ಅದಕ್ಕಿಂತ ಸಣ್ಣವಕ್ಕೆ ಐಚ್ಛಿಕ. ಅಲ್ಲಿಯೂ ಗೆರೆ ಎಳೆದ ಜಾಗ ನನಗೆ ಒಪ್ಪಿಗೆಯಿಲ್ಲ. ಆದರೂ ಛಾವಣಿ ಎಂಬುದು ಸರ್ಕಾರದ ಚಿಂತೆಯ ವಿಷಯ ಎಂದು ಅವರು ಒಪ್ಪಿಕೊಂಡರು. ಮೊದಲ ಹೆಜ್ಜೆ ಅದು.

ಇದಕ್ಕೆ ಬರುವ ಆಕ್ಷೇಪಗಳೂ ಗೊತ್ತು. ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ ಎನ್ನುತ್ತಾರೆ. ಹೌದು, ಹೋಗುತ್ತದೆ. ಪ್ರತಿ ವರ್ಷ ಮಾಳಿಗೆಗೆ ಮಣ್ಣು ಹೊತ್ತ ಜನಕ್ಕೆ ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಒಂದು ಬೆಳಿಗ್ಗೆ ಸುಣ್ಣ ಬಳಿಯುವುದು ದೊಡ್ಡದಲ್ಲ. ಗೋಡೆಗೆ ಬಳಿಯುವ ರೂಢಿ ಇದ್ದೇ ಇದೆ, ಅದನ್ನು ಒಂದು ಏಣಿ ಮೇಲಕ್ಕೆ ಏರಿಸಬೇಕು ಅಷ್ಟೆ. ಧೂಳು ಕೂತು ಬಿಳುಪು ಮಂಕಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಅದಕ್ಕೆ ಕಸಬರಿಗೆ ಇದೆ. ಚಳಿಗಾಲದಲ್ಲಿ ಮನೆ ಇನ್ನೂ ತಣ್ಣಗಾಗುತ್ತದೆ ಎನ್ನುತ್ತಾರೆ. ನಮ್ಮ ಸೀಮೆಯಲ್ಲಿ ಚಳಿಗೆ ಕಂಬಳಿ ಸಾಕು, ಸೆಕೆಗೆ ಕಂಬಳಿ ಇಲ್ಲ. ಏಸಿ ಬಂದರೆ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಏಸಿ ಒಳಗಿನ ಶಾಖವನ್ನು ಓಣಿಗೆ ದಬ್ಬುತ್ತದೆ. ಒಬ್ಬರ ತಂಪು ಪಕ್ಕದ ಮನೆಯ ಕಿಟಕಿಗೆ ಬಿಸಿಯಾಗಿ ತಲುಪುತ್ತದೆ. ಕರೆಂಟು ಹೋದ ರಾತ್ರಿ ಅದೂ ಇಲ್ಲ, ಸ್ಲ್ಯಾಬಿನ ಕಾವು ಮಾತ್ರ ಇದೆ.

ಬಿಳಿ ಬಣ್ಣವೇ ಎಲ್ಲಕ್ಕೂ ಮದ್ದು ಎಂದೂ ನಾನು ಹೇಳುವುದಿಲ್ಲ. ಪಕ್ಕದ ಎತ್ತರದ ಮನೆಯವರಿಗೆ ಅದರ ಝಳ ಕಣ್ಣಿಗೆ ಹೊಡೆಯುತ್ತದೆ. ಬಿರುಕನ್ನು ಮೊದಲು ತುಂಬದೆ ಬಳಿದರೆ ಮಳೆಗಾಲದಲ್ಲಿ ಸೋರುವುದು ಸೋರಿಯೇ ತೀರುತ್ತದೆ. ಸುಣ್ಣದ ನೀರು ಕಣ್ಣಿಗೆ ಸಿಡಿದರೆ ಅಪಾಯ. ಹಣವಿದ್ದವರು ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಪದರ ಹಾಕಿಸಿ ಅದರ ಮೇಲೆ ಬಿಳಿ ಹೆಂಚಿನ ಚೂರು ಕೂರಿಸಲಿ. ಮೈಸೂರು ಬೆಂಗಳೂರು ಕಡೆಯ ಹಳೆಯ ಮದ್ರಾಸ್ ತಾರಸಿಗಳಲ್ಲಿ ಇಟ್ಟಿಗೆಯ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಗಾರೆ ಹಾಕಿ ಬಡಿಯುತ್ತಿದ್ದರು, ಬೆಲ್ಲ, ಅಳಲೆಕಾಯಿ ನೀರು ಬೆರೆಸುತ್ತಿದ್ದರು. ಆ ದಪ್ಪದ ಹಿಂದೆ ಬಿಸಿಲಿನ ಲೆಕ್ಕವೂ ಇತ್ತು. ಇಲ್ಲದವರು ನಮ್ಮ ಕಡೆಯ ಹಂದರ ಹಾಕಲಿ. ಸ್ಲ್ಯಾಬಿನ ಮೇಲೆ ನಾಲ್ಕು ಗೂಟ, ಮೇಲೆ ತಟ್ಟಿ ಅಥವಾ ಒಂದು ಹೀರೆಬಳ್ಳಿ. ನಡುವೆ ಗಾಳಿಯಾಡುವ ನೆರಳಿಗಿಂತ ಒಳ್ಳೆಯ ಛಾವಣಿ ಇನ್ನೂ ಹುಟ್ಟಿಲ್ಲ. ತಗಡಿನವರು ಮೇಲೆ ಬಿಳಿ ಬಳಿದು ಕೆಳಗೆ ಅರ್ಧ ಅಡಿ ಬಿಟ್ಟು ಚಾಪೆಯ ಒಳಮುಚ್ಚಿಗೆ ಕಟ್ಟಲಿ. ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಉಜ್ಜಬಾರದು, ಕೊರೆಯಬಾರದು, ಅದರ ಪುಡಿ ಪುಪ್ಪುಸಕ್ಕೆ ವಿಷ.

ಆದರೆ ಇವೆಲ್ಲ ಮನೆಮನೆಯ ಸಾಹಸವಾಗಿಯೇ ಉಳಿಯಬಾರದು. ನಾನು ಕೇಳುತ್ತಿರುವುದು ಸರಳ. ಸರ್ಕಾರದ ಹಣದಲ್ಲಿ ಕಟ್ಟುವ ಯಾವ ಮನೆಯ ಕೊನೆಯ ಕಂತೂ ಛಾವಣಿಗೆ ಬಿಸಿಲಿನ ಅಡ್ಡ ಇಡದೆ ಬಿಡುಗಡೆಯಾಗಬಾರದು. ಆ ಅಡ್ಡದ ಖರ್ಚನ್ನು ಅನುದಾನದಲ್ಲೇ ಸೇರಿಸಬೇಕು, ಫಲಾನುಭವಿಯ ಜೇಬಿಗೆ ಕೈ ಹಾಕಬಾರದು. ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರ, ಹಾಸ್ಟೆಲುಗಳ ಛಾವಣಿಗೆ ಪ್ರತಿ ಮಾರ್ಚ್‌ನಲ್ಲಿ ಸುಣ್ಣ ಆಗಬೇಕು. ಹಿಂದುಳಿದ ಸೀಮೆ ಎಂದು ಹೇಳಿ ಬರುವ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಹಣದಲ್ಲಿ ಮಹಾದ್ವಾರ, ಸಮುದಾಯ ಭವನಗಳಿಗಿಂತ ಮುಂಚೆ ಇದಕ್ಕೆ ಪಾಲು ಸಿಗಬೇಕು. ಬಾಡಿಗೆಯವರು ಸ್ವಂತ ಖರ್ಚಿನಲ್ಲಿ ಛಾವಣಿ ಬಳಿದರೆ ಅದನ್ನು ಬಾಡಿಗೆಯಲ್ಲಿ ಕಳೆಯುವ ರೂಢಿ ಬರಬೇಕು.

ಸಾಹಿತ್ಯದ ಮಂದಿಗೂ ಒಂದು ಮಾತು. ನಮ್ಮ ಸೀಮೆಗೆ ನೀವು ‘ಬಿಸಿಲ ನಾಡು’ ಎಂಬ ಬಿರುದು ಕೊಟ್ಟಿದ್ದೀರಿ. ಸಮ್ಮೇಳನದ ಸ್ವಾಗತ ಭಾಷಣದಿಂದ ಪುಸ್ತಕದ ಬೆನ್ನುಡಿಯವರೆಗೆ ಅದು ಓಡಾಡುತ್ತದೆ. ಹೆಮ್ಮೆಯಿಂದ ನಾವೂ ಹೇಳಿಕೊಳ್ಳುತ್ತೇವೆ: ಬಿಸಿಲು ಕುಡಿದು ಬೆಳೆದವರು, ಗಟ್ಟಿ ಜನ. ಆ ಹೊಗಳಿಕೆ ಎಷ್ಟು ಅನುಕೂಲದ್ದು ಎಂದು ಅವ್ವ ಬಿದ್ದ ಮೇಲೆ ನನಗೆ ತಿಳಿಯಿತು. ಗಟ್ಟಿ ಜನಕ್ಕೆ ತಂಪು ಬೇಕಿಲ್ಲ. ಬಿಸಿಲನ್ನು ನಾಡಿನ ಸ್ವಭಾವ ಮಾಡಿಬಿಟ್ಟರೆ ಅದು ಯಾರ ತಪ್ಪೂ ಅಲ್ಲ, ಯಾರ ಹೊಣೆಯೂ ಅಲ್ಲ. ಬಿಸಿಲು ಸೂರ್ಯನದ್ದು, ಒಪ್ಪಿದೆ. ಸ್ಲ್ಯಾಬು ನಮ್ಮದು.

ಏಪ್ರಿಲ್‌ನಲ್ಲಿ ಊರಿಗೆ ಹೋಗಿ ನಾನೂ ಅಣ್ಣನೂ ಮನೆಯ ಸ್ಲ್ಯಾಬಿಗೆ ಸುಣ್ಣ ಬಳಿದೆವು. ಮೇಲೆ ಹಂದರವನ್ನೂ ಹಾಕಿದೆವು. ಓಣಿಯವರು ನಿಂತು ನೋಡಿ ನಕ್ಕರು. ಅವ್ವ ಕೆಳಗಿನಿಂದಲೇ ಕೂಗಿದಳು: "ಗ್ವಾಡಿಗೂ ಒಂದಿಷ್ಟು ಉಳಸ್ರೆಪ್ಪಾ, ಹಬ್ಬಕ್ಕ ಬಳೀಲಾರದಂಗೇ ಉಳದದ." ಉಳಿಸಲಿಲ್ಲ. ಮೇ ತಿಂಗಳಲ್ಲಿ ಫೋನು ಮಾಡಿ ರಾತ್ರಿ ನಿದ್ದೆ ಹೇಗೆ ಎಂದು ಕೇಳಿದೆ. "ಈಗ ಅಡ್ಡಿ ಇಲ್ಲ" ಅಂದಳು. ಆಮೇಲೆ ಸ್ವಲ್ಪ ತಡೆದು, ಎದುರು ಮನೆಯ ಬಾಣಂತಿ ಮಗುವನ್ನು ಎತ್ತಿಕೊಂಡು ಮಧ್ಯಾಹ್ನ ತಮ್ಮ ಮನೆಗೇ ಬಂದು ಮಲಗುತ್ತಾಳೆ ಎಂದಳು. ಅವರದು ತಗಡಿನ ಮನೆ. ಸರ್ಕಾರದ ಪಟ್ಟಿಯಲ್ಲಿ ಅದು ಪಕ್ಕಾ.